ಗೋಡೆಗೆ ಹೇಳಿದ ಮಾತು

ನಮ್ಮ ಚಿಕ್ಕಮ್ಮ ರಾಯಭಾರಿಗಳ ಸಭೆಯಲ್ಲಿ ಹಿಂದಿ ಅನುವಾದಕಿ. ಗಾಜಿನ ಗೂಡಿನಲ್ಲಿ ಕೂತು, ಭಾಷಣ ಕೇಳುತ್ತಲೇ ಅದನ್ನು ಹಿಂದಿಯಲ್ಲಿ ಮೈಕಿಗೆ ಹೇಳುವುದು ಅವಳ ಕೆಲಸ. ಹಿಂದಿ ಅಲ್ಲಿಗೆ ಕೆಲವು ದಿನಗಳ ಪ್ರಯೋಗಕ್ಕೆಂದು ಬಂದಿತ್ತು. ಕೇಳುವವರಿದ್ದರೆ ಅಧಿಕೃತ ಭಾಷೆಯಾಗುತ್ತದೆ, ಇಲ್ಲದಿದ್ದರೆ ಗೂಡಿಗೆ ಬೀಗ.

ಪ್ರಯೋಗದ ಕೊನೆಯ ದಿನ ಭಾಷಣಕಾರರೊಬ್ಬರು ನೀರು ಕುಡಿಯಲು ಮಾತು ನಿಲ್ಲಿಸಿದರು. ಮೈಕು ಆರಿಸಲು ಮರೆತ ಚಿಕ್ಕಮ್ಮ ಪಕ್ಕದ ಗೆಳತಿಗೆ ಹಿಂದಿಯಲ್ಲೇ ಅಂದಳು: "ಯಾರು ಕೇಳ್ತಾರೆ ಬಿಡೇ, ಗೋಡೆಗೆ ಹೇಳಿದ ಹಾಗೆ. ಆ ಬಿಸ್ಕತ್ತು ಇತ್ತ ಕೊಡು."

ಹೆಡ್‌ಫೋನ್ ಹಾಕಿ ಹಿಂದಿ ಕೇಳುತ್ತಿದ್ದ ಎಷ್ಟೋ ಜನರ ತಲೆಗಳು ಗಾಜಿನತ್ತ ತಿರುಗಿದವು. ವಯಸ್ಸಾದ ರಾಯಭಾರಿಯೊಬ್ಬರು ಎದ್ದು, "ನಾವೆಲ್ಲ ಗೋಡೆಗಳೇನಮ್ಮಾ? ನಮಗೂ ಒಂದು ಬಿಸ್ಕತ್ತು ಬರಲಿ!" ಎಂದರು.

ವಿಷಯ ತಿಳಿದ ಅಧ್ಯಕ್ಷರು, ತಿರುಗಿದವರೆಲ್ಲ ಕೈ ಎತ್ತಿ ಎಂದರು. ಕೈಗಳು ಸಾಲುಸಾಲಾಗಿ ಎದ್ದವು. ಹಿಂದಿ ಇನ್ನು ಅಧಿಕೃತ ಭಾಷೆ ಎಂಬ ಘೋಷಣೆಯನ್ನು ಚಿಕ್ಕಮ್ಮ ಮೇಜಿನಡಿ ಅವಿತುಕೊಂಡೇ ಅನುವಾದಿಸಿದಳು.