ಸುಂಕಮ್ಮ ಜಗ್ಗಿ ನೋಡಿದ ಬೆಲ್ಟು

ಕೌತಾಳಂ ಕಡೆಯ ನಮ್ಮೂರಿನ ಗಾದಿಲಿಂಗ ಆದವಾನಿಯ ಹತ್ತಿ ಮಿಲ್ಲಿನಲ್ಲಿ ನಲವತ್ತು ವರ್ಷ ಫಿಟ್ಟರಾಗಿದ್ದವನು. ಕೆಲಸ ಬಿಟ್ಟು ಊರಿಗೆ ಬಂದು ಹೊಲದ ಕೊಟ್ಟಿಗೆಯಲ್ಲಿ ವಿಮಾನ ಕಟ್ಟಲು ಕುಳಿತ. ಒಬ್ಬನೇ ಕೂರುವಷ್ಟರದು. ಅವನು ಓದಿದ್ದು ಐದನೇ ಇಯತ್ತೆ. ಆದರೆ ಕಬ್ಬಿಣ ಅವನ ಮಾತನ್ನು ಸಾಕಿದ ಕುರಿಯಂತೆ ಕೇಳುತ್ತಿತ್ತು. ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಗುಜರಿಗೆ ಬಿದ್ದ ಸಣ್ಣದೊಂದು ಕಾರಿನ ಎಂಜಿನ್ ತಂದ. ಅದು ತಿರುಗುವ ಬಿರುಸನ್ನು ವಿಮಾನದ ಪಂಖ ತಾಳದು. ಮಿಲ್ಲಿನಲ್ಲಿ ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ ಪಟ್ಟಿ ಹಾಕಿ ವೇಗ ಇಳಿಸಿದ ಕೈ ಅವನದು. ಇಲ್ಲಿಯೂ ಹಾಗೇ ಇಳಿಸಿತು. ರೆಕ್ಕೆಗೆ ಬಟ್ಟೆ ಹೊಲಿದವಳು ಹೆಂಡತಿ ಸುಂಕಮ್ಮ. "ಇದೇನು ಹಾರೋದೈತಾ" ಎಂದು ನಗುತ್ತಲೇ ಹೊಲಿದಳು. ನೆಲದ ಮೇಲೆ ಓಡಿಸಿದ ದಿನ ಮುಂದಿನ ಗಾಲಿ ಗೇಣುದ್ದ ಎದ್ದಿತು. ಅಂದಿನಿಂದ ಆಕೆಗೆ ಅನ್ನ ಸೇರಲಿಲ್ಲ.

"ನಾಳೆ ಹಾರಸ್ತೀನಿ," ಎಂದ ಗಾದಿಲಿಂಗ.

"ಬೀಳಾಗ ನಿನ್ನ ಹಿಡಕೊಳ್ಳೋದು ಯಾವುದು?"

"ಕಾರಿನ ಸೀಟ್ ಬೆಲ್ಟೇ ಹಚ್ಚೀನಲ್ಲ. ಲಾರಿ ಗುದ್ದಿದ್ರೂ ಹರಿಯಂಗಿಲ್ಲ."

"ಹಂಗಾದ್ರ ಮೊದ್ಲು ಜೋಳದ ಚೀಲ ಕುಂದ್ರಸು. ಅದು ಉಳಿದ್ರ ನೀ ಹೋಗು."

"ಏ ಸುಂಕಿ, ನಾನೂ ಚೀಲಾನೂ ಒಂದೇ ಏನು?"

"ಚೀಲ ಛಲೋ. ಹೇಳಿದಲ್ಲಿ ಕುಂದ್ರತೈತಿ."

ಗಾಲಿಗಳಿಗೆ ಕಲ್ಲು ಕೊಟ್ಟು, ಸೀಟಿನಲ್ಲಿ ಚೀಲ ಕೂರಿಸಿ ಬೆಲ್ಟು ಬಿಗಿದೆವು. ಚೀಲಕ್ಕೆ ಹಗ್ಗ ಕಟ್ಟಿ ಮುಂದೆ ಎತ್ತು ಹೂಡಿದೆವು. ಎತ್ತು ಜಗ್ಗಿತು. ಬೆಲ್ಟು ಹರಿಯಲಿಲ್ಲ, ಅದನ್ನು ಹಿಡಿದಿದ್ದ ಬೋಲ್ಟು ತಳದ ಪ್ಲೈವುಡ್ಡನ್ನೇ ಹರಿದುಕೊಂಡು ಕಿತ್ತು ಬಂತು. ಚೀಲ ಮುಂದಕ್ಕೆ ಉರುಳಿ ಬಾಯಿಬಿಚ್ಚಿ ಜೋಳ ಚೆಲ್ಲಿತು.

"ಅಯ್ಯೋ ದೇವುಡಾ!" ಎಂದು ಸುಂಕಮ್ಮ ಚೀರಿದಳು.

ಗಾದಿಲಿಂಗನ ಮುಖ ಬಿಳಿಚಿಕೊಂಡಿತು. "ಕಾರಿನ್ಯಾಗ ಬೋಲ್ಟಿನ ಹಿಂದ ದಪ್ಪ ತಗಡಿತ್ತು. ತೂಕ ಆಗತೈತಂತ ಗುಜರಿಯಾಗೇ ಬಿಟ್ಟು ಬಂದೆ," ಎಂದ ಮೆಲ್ಲಗೆ.

"ಹಳೇ ಅಂಗಿಗೆ ಗುಂಡಿ ಹಚ್ಚಾಗ ಹಿಂದೊಂದು ತೇಪಿ ಇಡ್ತೀನಿ ನಾನು. ಅಷ್ಟೂ ತಿಳೀಲಿಲ್ಲೇನು ದೊಡ್ಡ ಫಿಟ್ಟರಿಗೆ?"

ಅವನು ಕೂತು ಜೋಳ ಬಳಿಯತೊಡಗಿದ. ತುಸು ಹೊತ್ತಿಗೆ ಆಕೆಯೂ ಪಕ್ಕಕ್ಕೆ ಬಂದು ಕೂತು ಬಳಿದಳು.

ಮರುದಿನ ಬಸ್ಸು ಹತ್ತಿ ಆದವಾನಿಗೆ ಹೋಗಿ ಗುಜರಿಯಿಂದ ಆ ತಗಡು ತಂದ. ಸೀಟಿನ ಕೆಳಗೆ ಹಾದ ಉಕ್ಕಿನ ಪೈಪಿಗೆ ಸೇರಿಸಿ ಬೋಲ್ಟು ಬಿಗಿದ. ಎತ್ತು ಮೂರು ಸಲ ಜಗ್ಗಿತು. ನಾಲ್ಕನೆಯ ಸಲ ಎತ್ತೇ ಮೊಂಡುಬಿದ್ದು ನಿಂತುಕೊಂಡಿತು. ಚೀಲ ಕದಲಲಿಲ್ಲ.

ಗಾದಿಲಿಂಗ ಸೀಟಿನಲ್ಲಿ ಕೂತ. ಬೆಲ್ಟು ಹಾಕಿದವಳು ಸುಂಕಮ್ಮ. ಎರಡು ಸಲ ಜಗ್ಗಿ ನೋಡಿದಳು.

"ಹೋಗ್ಲೇನು?"

"ಹೋಗಿ ಬಾ," ಎಂದಳು.

ಬಿತ್ತದೆ ಬಿಟ್ಟ ಹೊಲದ ಮೇಲೆ ವಿಮಾನ ದೂಳೆಬ್ಬಿಸಿ ಓಡಿತು. ಎದ್ದಿತು. ಆಳೆತ್ತರದಲ್ಲಿ ನೂರು ಹೆಜ್ಜೆಯಷ್ಟು ದೂರ ಹೋಗಿ, ಇಳಿದು, ಎರಡು ಸಲ ಕುಪ್ಪಳಿಸಿ ನಿಂತಿತು.

ಸುಂಕಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. ಅವನು ಇನ್ನೂ ಬೆಲ್ಟಿನಲ್ಲೇ ಕೂತಿದ್ದ. ಆಕೆಯೇ ಕೆಂಪು ಗುಂಡಿ ಒತ್ತಿ ಬಿಚ್ಚಿದಳು. ಅವನ ಎದೆಯ ಮೇಲೆ ಬೆಲ್ಟು ಒತ್ತಿದ್ದ ಜಾಗವನ್ನು ಅಂಗೈಯಿಂದ ಸವರಿದಳು.

"ಆ ಕಾರಿನ್ಯಾಗ ಇನ್ನೊಂದು ಬೆಲ್ಟ್ ಐತೇನು?" ಎಂದು ಕೇಳಿದಳು.

"ಐತಿ. ಯಾಕ?"

"ತಗಡು ಸಮೇತ ಬಿಚ್ಚಕೊಂಡು ಬಾ. ನನಗೂ ಒಂದು ಸೀಟ್ ಹಚ್ಚು."