ಹನ್ನೊಂದನೇ ಕೊಡದ ರೇಟು

ಮೀಟರ್ ಕಾಕಾ ಅವರ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು. ಅದಕ್ಕೆ ಕಾರಣ ಒಂದು ಕಬ್ಬಿಣದ ಸರಳು. ಅದರ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದರು. ನಮ್ಮ ಕಡೆಯ ಬಿಸಿಲಿಗೆ ಆ ಸರಳು ರೊಟ್ಟಿ ಹಂಚಿನ ಹಾಗೆ ಕಾದಿರುತ್ತಿತ್ತು. ಕಿವಿ ಸುಟ್ಟು ಸುಟ್ಟು ಅಲ್ಲಿನ ಚರ್ಮ ದಪ್ಪಗಾಗಿತ್ತು. ಹಾದಿಯಲ್ಲಿ ಹೋಗುವವರು, "ಏನಂತಾಳ್ರೀ ಗಂಗವ್ವ?" ಎಂದು ಚೇಷ್ಟೆ ಮಾಡಿದರೆ, "ಅಳಾಕತ್ತಾಳ" ಎಂದಷ್ಟೇ ಹೇಳಿ ಸುಣ್ಣದಲ್ಲಿ ಒಂದು ಗುರುತು ಹಾಕಿ ಸೈಕಲ್ ಹತ್ತುತ್ತಿದ್ದರು. ಅಲ್ಲಿ ಅಗೆದರೆ ಸೋರಿಕೆ ಸಿಗುವುದು ಖಂಡಿತ. ಅಗೆಯುವವರು ಮಾತ್ರ ಬರುತ್ತಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ನಾನು ಪುರಸಭೆಯ ನೀರಿನ ವಿಭಾಗದಲ್ಲಿ ಟೈಪಿಸ್ಟು. ಊರಿನ ಹೆಸರು ಹೇಳುವುದಿಲ್ಲ. ರಾಯಚೂರಿನಿಂದಲೂ ಮಾನ್ವಿಯಿಂದಲೂ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರಬಹುದಾದ ಊರು ಎಂದರೆ ಸಾಕು. ಹೆಸರು ಹೇಳಿದರೆ ಈಗಲೂ ಕೆಲವರಿಗೆ ಉರಿ ಹತ್ತುತ್ತದೆ. ಹತ್ತಲಿ ಎಂದೇ ನನ್ನ ಆಸೆ, ಆದರೆ ಅವರ ಮೊಮ್ಮಕ್ಕಳು ಏನು ಪಾಪ ಮಾಡಿದ್ದಾರೆ? ನಾನು ಅರಕೇರಾ ಕಡೆಯ ಕೂಲಿ ಮನೆತನದವಳು. ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತಂದವರಲ್ಲಿ ನಾನೇ ಮೊದಲಿಗಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೀಟರ್ ಓದುವ ಕೆಲಸದ ಆ ಮನುಷ್ಯನನ್ನು ಆಫೀಸಿನವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಅವರ ಅಂಗಿಯ ಮೇಲಿನ ಜೇಬಿನಲ್ಲಿ ಪೆನ್ನಿಗಿಂತ ಮೊದಲು ತೊಗಲಿನ ವಾಶರುಗಳು ಇರುತ್ತಿದ್ದವು. ಯಾರ ಮನೆಗೆ ಚಹಾಕ್ಕೆ ಹೋದರೂ ಅಂಗಳದ ನಳ ತೊಟ್ಟಿಕ್ಕುತ್ತಿದ್ದರೆ ಮೊದಲು ಅದನ್ನು ಬಿಚ್ಚಿ ವಾಶರ್ ಬದಲಿಸಿ, ಆಮೇಲೆ ಚಹಾ. ಒಮ್ಮೆ ಮದುವೆ ಮನೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಇವರು ಹಿತ್ತಲಲ್ಲಿ ನಳದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬೀಗರು ಇವರನ್ನು ಅಡುಗೆಯವರೆಂದು ತಿಳಿದು ಒಂದು ತಂಬಿಗೆ ನೀರು ಕೇಳಿದರಂತೆ.

ನಮ್ಮ ಆಫೀಸಿನಲ್ಲಿ ಒಂದು ಹಾಳು ಪದ್ಧತಿ ಇತ್ತು. ಮೀಟರ್ ನಿಂತಿದ್ದರೆ ಆ ಮನೆಗೆ ಕನಿಷ್ಠ ದರದ ಬಿಲ್ಲು. ಎಷ್ಟು ನೀರು ಬಳಸಿದರೂ ಅಷ್ಟೇ. ಇನ್ನು ಕೇಳಬೇಕೆ? ಊರಿನ ದೊಡ್ಡ ಮನೆಗಳ ಮೀಟರುಗಳೆಲ್ಲ ಒಂದೊಂದಾಗಿ ನಿಂತುಹೋದವು. ಗಾಜಿನ ಅಂಚಿನ ಸಂದಿಯಿಂದ ಒಂದು ಕಸಬರಿಗೆ ಕಡ್ಡಿ ತೂರಿಸಿದರೆ ಒಳಗಿನ ಗಾಲಿ ತಿರುಗುವುದಿಲ್ಲ. ಕಾಕಾ ಆ ಕಡ್ಡಿಯನ್ನು ಮೆಲ್ಲಗೆ ಎಳೆದು ಮನೆಯಾಕೆಯ ಕೈಗೇ ಕೊಡುತ್ತಿದ್ದರು. "ಯವ್ವಾ, ನಿಮ್ಮ ಕಸಬರಿಗಿ ಕಡ್ಡಿ ಮೀಟರಿನ್ಯಾಗ ಬಿದ್ದಿತ್ತು ನೋಡ್ರಿ. ಹುಡುಕಾಕತ್ತಿದ್ರೇನೋ." ಮುಂದಿನ ತಿಂಗಳು ಮತ್ತೆ ಅಲ್ಲೇ ಕಡ್ಡಿ. ಅಕ್ಕಿ ಗಿರಣಿಗಳಲ್ಲಂತೂ ಭತ್ತ ನೆನೆಸುವ ಹೌದುಗಳು, ಅಂದರೆ ದೊಡ್ಡ ನೀರಿನ ತೊಟ್ಟಿಗಳು, ಹಗಲೆಲ್ಲ ತುಂಬಿ ಹರಿಯುತ್ತಿದ್ದವು, ಬಿಲ್ಲು ಮಾತ್ರ ಇಬ್ಬರೇ ಇರುವ ಮುದುಕ ಮುದುಕಿಯ ಮನೆಯದಷ್ಟು.

ಇದರ ಪೆಟ್ಟು ಬಿದ್ದದ್ದು ಕೆಳಗಿನ ಓಣಿಗೆ. ಅಲ್ಲಿದ್ದವರು ಗಿರಣಿಗಳಲ್ಲಿ ಚೀಲ ಹೊರುವವರು, ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಆರಿಸುವವರು. ಇಡೀ ಓಣಿಗೆ ಒಂದೇ ಸಾರ್ವಜನಿಕ ನಳ. ಮೇಲಿನವರೆಲ್ಲ ಎಳೆದುಕೊಂಡು, ತೂತು ಬಿದ್ದ ಹಳೇ ಪೈಪಿನಲ್ಲಿ ಸೋರಿ, ಉಳಿದದ್ದು ಕೊನೆಗೆ ಅಲ್ಲಿಗೆ ಬರುತ್ತಿತ್ತು. ಒಂದು ಕೊಡ ತುಂಬುವಷ್ಟರಲ್ಲಿ ಮಗುವಿಗೆ ತಲೆ ಬಾಚಿ ಜಡೆ ಹಾಕಿ ಮುಗಿಸಬಹುದಿತ್ತು.

ಹಳೇ ಪೈಪು ಕಿತ್ತು ಹೊಸದು ಹಾಕಬೇಕು, ಅದಕ್ಕೆ ಸ್ವಲ್ಪ ಹಣ ಪುರಸಭೆಯೇ ನೀರಿನ ದರ ಏರಿಸಿ ಕೂಡಿಸಬೇಕು ಎಂದು ಮೇಲಿನಿಂದ ಕಾಗದ ಬಂತು. ಎಲ್ಲ ಮನೆಗೂ ಒಂದೇ ಸಮ ಏರಿಸಿದರೆ ಮುಗಿಯಿತು ಎಂದರು ಮುಖ್ಯಾಧಿಕಾರಿಗಳು. ಆ ಸಂಜೆ ಕಾಕಾ ನನ್ನ ಟೈಪ್ ಮಷಿನ್ನಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ತಂಗಿ, ಅರಕೇರ್ಯಾಗ ನಿಮ್ಮವ್ವ ದಿನಕ್ಕ ಎಷ್ಟು ಕೊಡ ನೀರು ಹೊರತಿದ್ಲು?"

"ಹತ್ತು ಇರಬೇಕು ಕಾಕಾ."

"ಅಷ್ಟರಾಗ ಮನಿ ನಡೀತಿತ್ತು?"

"ನಡೀತಿತ್ತು. ದನಕ್ಕೂ ಅದರಾಗೇ."

"ಹಂಗಾರ ಬರಿ. ಹತ್ತು ಕೊಡದ ತನಕ ಅಗ್ಗ. ಯಾರಿಗೂ ಏರಸೂದು ಬ್ಯಾಡ. ಹನ್ನೊಂದನೇ ಕೊಡದಿಂದ ರೇಟು ಏರಬೇಕು. ಗಿರಣಿಯವರ ಸಾವಿರನೇ ಕೊಡಕ್ಕ ಅವರಿಗೆ ಬೆವರು ಬರಬೇಕು. ಆವಾಗ ಹೌದು ತುಂಬಿದ ಮ್ಯಾಲ ನಳ ಬಂದ್ ಮಾಡೂದು ಕಲೀತಾರ."

ಮೀಟರ್ ನಿಂತರೆ ಕನಿಷ್ಠ ಬಿಲ್ಲಲ್ಲ, ಓಡುತ್ತಿದ್ದಾಗಿನ ಬಿಲ್ಲಿನ ಎರಡು ಪಟ್ಟು ಎಂದೂ ಬರೆಸಿದರು. "ಎಂಟೇ ದಿನದಾಗ ಊರಿನ ಮೀಟರ್ ಎಲ್ಲಾ ಜಡ್ಡು ಬಿಟ್ಟು ಏಳತಾವ ನೋಡು" ಎಂದು ನಕ್ಕರು. ಹೀಗೆ ಬಂದ ಹೆಚ್ಚಿನ ಹಣ ಪೈಪಿಗೇ ಹೊರತು ಬೇರೆ ಯಾವುದಕ್ಕೂ ಮುಟ್ಟಬಾರದು ಎಂಬುದು ಕೊನೆಯ ಸಾಲು. ಏಳನೆಯ ಇಯತ್ತೆ ಓದಿದ ಮನುಷ್ಯ. ದೊಡ್ಡ ಡಿಗ್ರಿಯ ಎಂಜಿನಿಯರುಗಳು ಅಂಥ ನ್ಯಾಯವಾದ ಒಂದು ಹಾಳೆ ಬರೆದದ್ದನ್ನು ನನ್ನ ಸರ್ವಿಸಿನಲ್ಲಿ ನಾನು ಕಾಣಲಿಲ್ಲ.

ಆ ಹಾಳೆ ಪುರಸಭೆಯ ಸದಸ್ಯರ ಸಭೆಗೆ ಬಂದಾಗ ಗಿರಣಿಯ ಮಾಲೀಕರಾಗಿದ್ದ ಒಬ್ಬ ಸದಸ್ಯರು ಮೇಜು ಕುಟ್ಟಿದರು. "ಗಂಗವ್ವನ್ನೂ ಮಾರಾಕ ನಿಂತ್ರೇನು?"

ಬಾಗಿಲ ಬಳಿ ನಿಂತಿದ್ದ ಕಾಕಾ ಕೈಮುಗಿದೇ ಹೇಳಿದರು. "ಗಂಗವ್ವ ಪುಕ್ಕಟನ ಅದಾಳ್ರೀ ಧಣಿ. ಆಕಿನ್ನ ನಿಮ್ಮ ಹೌದಿನ ತನಕ ಹೊತ್ತು ತರೋ ಪೈಪು ಪುಕ್ಕಟ ಇಲ್ಲ."

ಸಭೆ ನಕ್ಕಿತು. ಧಣಿಗಳು ನಗಲಿಲ್ಲ. ಎರಡು ದಿನದ ಮೇಲೆ ಮುಖ್ಯಾಧಿಕಾರಿಗಳು ನನ್ನನ್ನು ಒಳಗೆ ಕರೆದು ಅದೇ ಹಾಳೆ ಮುಂದಿಟ್ಟರು. "ಮ್ಯಾಲಿನ ಸಾಲಿನ ದರ ಕೆಳಗ ಹಾಕು, ಕೆಳಗಿಂದು ಮ್ಯಾಲ ಹಾಕು. ಮೀಟರಿನ ಮಾತು ತಗದುಬಿಡು." ಅಂದರೆ ಹತ್ತು ಕೊಡದವರಿಗೆ ಹೆಚ್ಚು ದರ, ಸಾವಿರ ಕೊಡದವರಿಗೆ ರಿಯಾಯಿತಿ. ನಾನು, "ಸರ್, ಹಂಗ ಮಾಡಿದ್ರ..." ಎಂದೆ. ಅವರು ತಲೆ ಎತ್ತಲೇ ಇಲ್ಲ. "ನಿನ್ನ ಕಾಯಂ ಆಗೋ ಫೈಲು ಇಲ್ಲೇ ಅದ ನೋಡಮ್ಮ, ನನ್ನ ಟೇಬಲ್ ಮ್ಯಾಲ."

ನಾನು ಟೈಪ್ ಮಾಡಿದೆ. ಮೂರು ಕಾರ್ಬನ್ ಪ್ರತಿ ಸಮೇತ, ಒಂದು ತಪ್ಪಿಲ್ಲದ ಹಾಗೆ. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿದ್ದರು. ನೀರು ಪೋಲಾಗುವುದನ್ನು ತಡೆಯಲು ಕೆಳಗಿನ ಓಣಿಯ ಸಾರ್ವಜನಿಕ ನಳವನ್ನು ಮುಚ್ಚತಕ್ಕದ್ದು. ಅದನ್ನೂ ನಾನೇ ಟೈಪ್ ಮಾಡಿದೆ. ಗಿರಣಿ ಹೌದು ಹಗಲೆಲ್ಲ ಹರಿದರೆ ಉದ್ಯಮ, ಚೀಲ ಹೊರುವವನ ಹೆಂಡತಿ ಕೊಡ ತುಂಬಿಕೊಂಡರೆ ಪೋಲು! ಈ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಆ ದಿನ ಯಾಕೆ ಉರಿಯಲಿಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನಳ ಮುಚ್ಚುವ ಕೆಲಸ ಬೇಕೆಂದೇ ಕಾಕಾ ಅವರಿಗೆ ಹಚ್ಚಿದರು. ಅವರು ನಳ ಬಿಚ್ಚುವ ಪಾನಾ, ಸರಳು, ಮೀಟರ್ ಪುಸ್ತಕ ಮೂರನ್ನೂ ತಂದು ಮುಖ್ಯಾಧಿಕಾರಿಗಳ ಮೇಜಿನ ಮೇಲಿಟ್ಟರು. "ಇಪ್ಪತ್ತು ವರ್ಷ ನೀರು ಉಳಿಸಿದ್ದು ಈ ಓಣಿಗೆ ಮುಟ್ಟಲಿ ಅಂತರೀ. ಈ ಕೆಲಸ ನನ್ನ ಕೈಲೆ ಆಗೂದಿಲ್ಲ" ಎಂದರು. ಅವರನ್ನು ದೇವದುರ್ಗಕ್ಕೆ ಎತ್ತಿ ಹಾಕಿದರು. ನಳವನ್ನು ಬೇರೆಯವರು ಮುಚ್ಚಿದರು. ಹೊಸ ದರದಲ್ಲಿ ಕೂಡಿದ ಹಣಕ್ಕೆ ಆಫೀಸಿಗೆ ಒಂದು ಜೀಪು ಬಂತು. ನಾನು ಕಾಯಂ ಆದೆ. ಪೇಢೆ ಹಂಚಿದೆ.

ಆ ವರ್ಷ ಬೇಸಿಗೆಯಲ್ಲಿ ಕಾಕಾ ರಜೆಯ ಮೇಲೆ ಬಂದಿದ್ದರು. ಇಬ್ಬರೂ ಗಿರಣಿ ರಸ್ತೆಯಲ್ಲಿ ನಡೆದು ಬರುತ್ತಿದ್ದೆವು. ಅಲ್ಲಿ ಅವರು ಹಿಂದೆ ಮೂರು ಸಲ ಸುಣ್ಣದ ಗುರುತು ಹಾಕಿದ್ದ ಜಾಗವೊಂದಿತ್ತು. ಪೈಪು ಈಗ ಪೂರ್ತಿ ಒಡೆದು ಗುಂಡಿಯಾಗಿತ್ತು. ಗುಂಡಿಯ ಸುತ್ತ ಕೆಳಗಿನ ಓಣಿಯ ಹೆಂಗಸರು ಬಗ್ಗಿ ಚರಿಗೆಯಿಂದ ಕೊಡಕ್ಕೆ ನೀರು ತುಂಬುತ್ತಿದ್ದರು. ನಳ ಮುಚ್ಚಿದ ಮೇಲೆ ಅವರಿಗೆ ಆ ಸೋರಿಕೆಯೇ ನಳವಾಗಿತ್ತು. ಕಾಕಾ ಅವರ ಕೈ ಅಭ್ಯಾಸದಿಂದ ಜೇಬಿಗೆ ಹೋಯಿತು. ಅವರನ್ನು ಗುರುತು ಹಿಡಿದ ಒಬ್ಬ ಮುದುಕಿ ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು.

"ಯಪ್ಪಾ, ನಿನ್ನ ಕಾಲು ಬೀಳತೀನಿ, ಇದನ್ನ ರಿಪೇರಿ ಮಾಡಬ್ಯಾಡ. ಇದೊಂದು ಉಳದದ ನಮಗ."

"ಮಾಡೂದಿಲ್ಲವ್ವಾ" ಎಂದರು ಕಾಕಾ. ಅಂಗಳದ ನಳ ತೊಟ್ಟಿಕ್ಕಿದರೆ ಚಹಾ ಕುಡಿಯದ ಆ ಮನುಷ್ಯ, ಕೆಸರು ನೀರು ಬೀದಿಯುದ್ದಕ್ಕೂ ಹರಿಯುವುದನ್ನು ನೋಡುತ್ತ ನಿಂತರು. ಅವರ ಬಾಯಲ್ಲಿ ಕೆಟ್ಟ ಬೈಗುಳ ಕೇಳಿದ್ದು ನಾನು ಅದೊಂದೇ ಸಲ. ಯಾರಿಗೆ ಬೈದರು ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಬೇರೆ ಊರಿನಲ್ಲಿ ನೀರಿನ ವಿಭಾಗದ ಹೆಡ್ ಕ್ಲಾರ್ಕ್ ಆದೆ. ಅಲ್ಲಿ ದರ ಪರಿಷ್ಕರಣೆ ಬಂದಾಗ ಕಾಕಾ ಬರೆಸಿದ ಹಾಳೆಯನ್ನೇ, ಸಾಲು ತಿರುವದೆ, ಮುಂದಿಟ್ಟೆ. ಬಹಳ ಜಗಳವಾಯಿತು, ಆದರೂ ಪಾಸಾಯಿತು. ಆ ಕಾಗದ ಹಿಡಿದುಕೊಂಡು ಮಾನ್ವಿಗೆ ಹೋದೆ. ಕಾಕಾ ಅಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕಾಗದ ಓದಿ, "ಬೇಷ್ ತಂಗಿ" ಎಂದರು. ಆ ಒಂದು ಮಾತಿಗೆ ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಕಾಕಾ, ಅವತ್ತು ಸಾಲು ತಿರುವಿ ಟೈಪ್ ಮಾಡಿದಾಕಿ ನಾನು."

"ಗೊತ್ತದ. ಆಫೀಸಿನ್ಯಾಗ ಟೈಪ್ ಬರತಿದ್ದಾಕಿ ನೀ ಒಬ್ಬಾಕೀನೇ ಇದ್ದಿ."

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. "ನನ್ನ ಮುಂದ ಯಾಕ ಹೇಳತಿ? ನನಗೇನು ನೀರು ಕಡಿಮಿ ಆಗಿಲ್ಲ. ಆ ಓಣಿಗೆ ಹೋಗಿ ಹೇಳು" ಎಂದರು.

ಹದಿನೈದು ದಿನದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅದೇ ದಾರಿಯಲ್ಲಿ ಬಸ್ಸು ಬದಲಿಸಿದರೆ ಆ ಊರು. ಬದಲಿಸಲಿಲ್ಲ. ಆಮೇಲೆ ಎಷ್ಟೋ ಸಲ ಆ ಊರಿಗೆ ಹೋಗಿದ್ದೇನೆ, ಒಮ್ಮೆ ಕೆಳಗಿನ ಓಣಿಯ ಮೂಲೆಯ ತನಕವೂ ಹೋಗಿ, ಕೊಡ ಹೊತ್ತ ಹೆಂಗಸೊಬ್ಬಳು "ಯಾರು ಬೇಕಾಗಿತ್ರೀ ಅಕ್ಕಾರ?" ಎಂದು ಕೇಳಿದಾಗ, "ಯಾರೂ ಇಲ್ಲವ್ವಾ" ಎಂದು ತಿರುಗಿ ಬಂದಿದ್ದೇನೆ.