ಭಕ್ತಿ ರಾಕ್ ಇನಾಸ

ಇನಾಸ್ ರೆಬೆಲ್ಲೊ ನನ್ನ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿದ್ದವನು. ಯಲ್ಲಾಪುರದ ಪ್ರೌಢಶಾಲೆಗೆ ನನಗೆ ವರ್ಗವಾದ ಮೊದಲ ದಿನ ಅದು. ಒಂಬತ್ತನೆಯ ತರಗತಿಗೆ ಭಾಮಿನಿ ಷಟ್ಪದಿಯ ಲಕ್ಷಣ ಹೇಳುತ್ತಿದ್ದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಹಲಗೆಯ ಮೇಲೆ ಗೆರೆ ಎಳೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಅದೇ ಲೆಕ್ಕಕ್ಕೆ ಸರಿಯಾಗಿ ಟಕಟಕ ಸದ್ದು ಬಂತು.

"ಯಾರೋ ಅದು, ಬೆಂಚು ಕುಟ್ಟುವವನು?"

ಸಪೂರದ ಹುಡುಗನೊಬ್ಬ ಎದ್ದು ನಿಂತ. "ನಾನು ಕುಟ್ಲಿಲ್ಲ ಸರ್. ಪದ್ಯನೇ ಹಂಗೆ ಕುಟ್ಟಿಸ್ತು."

ತರಗತಿಯೆಲ್ಲ ನಕ್ಕಿತು. ಛಂದಸ್ಸನ್ನು ಅಷ್ಟು ಬೇಗ ಹಿಡಿದ ಹುಡುಗನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇನಾಸನ ಅಪ್ಪ ಕಟ್ಟಿಗೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅಮ್ಮ ಚರ್ಚಿನಲ್ಲಿ ಹಾಡುತ್ತಿದ್ದರು. ಗೋವಾದಲ್ಲಿದ್ದ ಸೋದರಮಾವ ಹಳೆಯ ಗಿಟಾರೊಂದನ್ನು ತಂದುಕೊಟ್ಟ ಮೇಲೆ ಹುಡುಗನಿಗೆ ಬೇರೇನೂ ಬೇಡವಾಯಿತು. ಐಟಿಐ ಮುಗಿಸಿ ಶಿರಸಿಯಲ್ಲಿ ವೈರಿಂಗ್ ಕೆಲಸ ಹಿಡಿದ. ಆ ಕಾಲದಲ್ಲಿ ಮಾವ ಕಳಿಸಿದ ಕ್ಯಾಸೆಟ್ಟೊಂದರಲ್ಲಿ ಅವನು ಹೊಸದೊಂದು ಬಗೆಯ ಹಾಡು ಕೇಳಿದ. ಯಾವುದೋ ದೇಶದ ಯುವಕರು ಡ್ರಮ್ ಬಡಿದು, ಕರೆಂಟ್ ಗಿಟಾರನ್ನು ಗರ್ಜಿಸುವಂತೆ ನುಡಿಸಿ ಯೇಸುವನ್ನು ಸ್ತುತಿಸುತ್ತಿದ್ದರು. ಇದನ್ನು ರಾಕ್ ಎನ್ನುತ್ತಾರೆ ಎಂದು ನನಗೆ ತಿಳಿಸಿದವನು ಅವನೇ.

ಸ್ವಲ್ಪ ದಿನಕ್ಕೆ ತಾನೂ ಒಂದು ಕರೆಂಟ್ ಗಿಟಾರು ಕೊಂಡು, ತನ್ನದೇ ಹಾಡು ಕಟ್ಟಿ ನನ್ನ ಮನೆಗೆ ತಂದ.

ಬಾಗಿಲಿಲ್ಲದ ಮನೆಗೆ ಬಂದವ
ಬೀಗ ಹುಡುಕದೆ ಒಳಗೆ ನಡೆದನು

ಮೂರು–ನಾಲ್ಕರ ನಡೆ ಎಲ್ಲಿಯೂ ತಪ್ಪಿರಲಿಲ್ಲ. ಪ್ರಾಸವೂ ಇತ್ತು. ಮೂರು ಚರಣ, ಮೂರನೆಯದರ ನಂತರ ಮಾತಿಲ್ಲದೆ ಗಿಟಾರೊಂದೇ ಬಹಳ ಹೊತ್ತು ನುಡಿಯುತ್ತದೆ, ಅದರಲ್ಲೇ ಹಾಡಿನ ಪ್ರಾಣವಿದೆ ಎಂದು ಹೇಳಿದ. ಹಾಗಾದರೆ ನುಡಿಸು ಎಂದೆ.

"ಮನೇಲಿ ನುಡಿಸೋದಲ್ಲ ಸರ್ ಅದು. ನಮ್ಮೂರ ಜನ ಎದುರಿಗೆ ಕೂತಿರ್ಬೇಕು. ಒಂದ್ ಸಲ, ಮೊದಲಿಂದ ಕೊನೆವರೆಗೆ. ಅಷ್ಟೇ."

ಅವನು ಆಸೆಪಟ್ಟದ್ದು ಅಷ್ಟನ್ನೇ. ಅದು ದೊಡ್ಡ ಆಸೆಯೆಂದು ನನಗೆ ಆಗ ಅನಿಸಲಿಲ್ಲ.

ಡ್ರಮ್ಮಿಗೆ ಗೆಳೆಯ ಹಯಾತ್ ಜೊತೆಯಾದ. ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಅವನನ್ನು, "ನಿಮ್ಮವರು ಏನೂ ಅನ್ನುವುದಿಲ್ಲವೇನೋ?" ಎಂದು ಕೇಳಿದೆ. "ಯೇಸು ಅಂದ್ರೆ ಈಸಾ, ನಮ್ಮಲ್ಲೂ ಪೈಗಂಬರ್ರೇ ಸರ್. ಅಡ್ಡಿ ಎಂತದೂ ಇಲ್ಲ. ನಮ್ಮ ಮನೇಲಿ ಬೈಯೋದು ಸದ್ದಿಗೆ ಮಾತ್ರ" ಎಂದು ನಕ್ಕ.

ಚರ್ಚಿನ ಹಬ್ಬದ ಸಂಜೆ ಮೊದಲ ಅವಕಾಶ ಸಿಕ್ಕಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯರು ಮೊದಲ ಚರಣಕ್ಕೇ ಕಿವಿ ಮುಚ್ಚಿಕೊಂಡರು. ಜೊತೆಗೂಡಿ ಚಪ್ಪಾಳೆ ತಟ್ಟಲು ಹೊರಟವರ ಕೈ ಆ ಏಳು ಮಾತ್ರೆಯ ನಡೆಗೆ ಸಿಕ್ಕಿ ದಾರಿ ತಪ್ಪಿತು. ಎರಡನೆಯ ಚರಣ ಮುಗಿಯುವ ಮೊದಲೇ ಪಾದ್ರಿಗಳು ವೇದಿಕೆಗೆ ಬಂದು ಭುಜ ಮುಟ್ಟಿದರು. "ಸಾಕು ಇನಾಸ್. ದೇವರು ಕಿವುಡನಲ್ಲ" ಎಂದರು.

ಹೊರಗಿನ ವೇದಿಕೆಗಳ ಕಷ್ಟ ಬೇರೆ. ನಮ್ಮ ಕಡೆ ವಾದ್ಯವಿಟ್ಟುಕೊಂಡು ಹಾಡುವುದೆಲ್ಲ ರಸಮಂಜರಿಯೇ. ಇನಾಸ್ ಮೈಕ್ ಹಿಡಿದ ಕೂಡಲೇ ಕೆಳಗಿನಿಂದ ಚೀಟಿ ಬರುತ್ತಿತ್ತು, ಸಿನಿಮಾ ಹಾಡು ಬೇಕೆಂದು. ಯೇಸುವಿನ ಹೆಸರು ಬಂದರೆ ಕೆಲವರ ಮುಖ ಬಿಗಿಯುತ್ತಿತ್ತು. ಸಂಘಟಕರು ಕೈಸನ್ನೆ ಮಾಡುತ್ತಿದ್ದರು. ಹೀಗೆ ವರ್ಷಗಳು ಹೋದವು. ಲವೀನಾಳನ್ನು ಮದುವೆಯಾದ. ಒಂದು ದಿನ ಅವಳೇ, "ಬೇರೆಯವರ ಕಾರ್ಯಕ್ರಮ ಎಂತಕ್ಕೆ ಕಾಯ್ತ್ರಿ? ನಿಮ್ದೇ ಮಾಡಿ" ಎಂದಳಂತೆ.

ಶಿರಸಿಯಲ್ಲಿ ಒಂದು ಸಭಾಭವನ ಹಿಡಿದ. ಕರಪತ್ರಕ್ಕೆ 'ಭಕ್ತಿ ರಾಕ್ ಸಂಜೆ' ಎಂದು ಬರೆದು ಮುದ್ರಣಾಲಯಕ್ಕೆ ಕೊಟ್ಟು ವೈರಿಂಗ್ ಕೆಲಸಕ್ಕೆ ಸಿದ್ದಾಪುರಕ್ಕೆ ಹೋದ. ಮುದ್ರಣಾಲಯದವರೇ ಊರಿಡೀ ಹಂಚಿಸಿದರು.

ಆ ಸಂಜೆ ಭವನ ತುಂಬಿತ್ತು. ಇನಾಸನ ಮುಖದಲ್ಲಿ ಅಂಥ ಕಳೆಯನ್ನು ನಾನು ಮೊದಲು ಕಂಡಿರಲಿಲ್ಲ. ಆದರೆ ಬಂದವರನ್ನು ನೋಡಿ ನನಗೆ ಅನುಮಾನ ಹುಟ್ಟಿತು. ಶಾಲು ಹೊದ್ದ ಹಿರಿಯರು, ತೊಡೆಯ ಮೇಲೆ ತಾಳ ಹಾಕಲು ಸಿದ್ಧವಾಗಿ ಕುಳಿತವರು, ಊರಿನ ಸಂಗೀತ ಬೈಠಕ್ಕುಗಳನ್ನು ತಪ್ಪಿಸದವರು! ಪಕ್ಕದಲ್ಲಿದ್ದ ಪರಿಚಯದ ಹೆಗಡೆಯವರು, "ಮಾಸ್ತರ್ರೆ, ತಂಬೂರಿ ಎಲ್ಲಿದ್ದು? ಇನ್ನೂ ಬೈಂದಿಲ್ಯ?" ಎಂದು ಕೇಳಿ ಕರಪತ್ರ ತೋರಿಸಿದರು. ಅದರಲ್ಲಿ 'ಭಕ್ತಿ ರಾಗ ಸಂಜೆ' ಎಂದಿತ್ತು.

ಎದ್ದು ಹೋಗಿ ಹೇಳುವಷ್ಟರಲ್ಲಿ ಹಯಾತ್ ಡ್ರಮ್ ಬಡಿದಾಗಿತ್ತು. ಗಿಟಾರು ಗರ್ಜಿಸಿತು. ಆಮೇಲೆ ಕುರ್ಚಿಗಳು ಸರಿಯತೊಡಗಿದವು. ಹೆಗಡೆಯವರು ಮಾತ್ರ ಸಭ್ಯತೆಯಿಂದ ಕುಳಿತು, "ಇದು ಯಾವ ರಾಗ?" ಎಂದು ನನ್ನ ಕಿವಿಯಲ್ಲಿ ಕೂಗಿದರು. ಎರಡನೆಯ ಚರಣದಲ್ಲಿ ಭವನದ ಮೇಲ್ವಿಚಾರಕ ಜನರ ಗಲಾಟೆಗೆ ಹೆದರಿ ಮೇನ್ ಸ್ವಿಚ್ ಎಳೆದುಬಿಟ್ಟ. ಕರೆಂಟ್ ಇಲ್ಲದ ಗಿಟಾರು ಕಡ್ಡಿ ಕೆರೆದಂತೆ ಕೇಳಿತು. ಆದರೂ ಇನಾಸ್ ಸ್ವಲ್ಪ ಹೊತ್ತು ನುಡಿಸುತ್ತಲೇ ಇದ್ದ.

ಮರುದಿನ ನನ್ನನ್ನೂ ಕರೆದುಕೊಂಡು ಮುದ್ರಣಾಲಯಕ್ಕೆ ಹೋದ. ಅಲ್ಲಿ ಅಕ್ಷರ ಜೋಡಿಸುವ ರಾಘು ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ತನ್ನ ತಪ್ಪೇನೆಂಬುದೇ ತಿಳಿಯಲಿಲ್ಲ.

"ನೀವೇ ಹೇಳಿ ಮಾಸ್ತರ್ರೆ, ರಾಕ್ ಹೇಳಿ ಕನ್ನಡದಲ್ಲಿ ಶಬ್ದ ಇದ್ದಾ? ರಾಗ ಬರೆಯಲೆ ಹೋಗಿ ತಪ್ಪಿದ್ದ ಹೇಳಿ ಆನೇ ತಿದ್ದಿದ್ದಿ!" ಎಂದು ತಾನೇ ತಿದ್ದಿದ್ದನ್ನು ಹೆಮ್ಮೆಯಿಂದ ನನಗೆ ಹೇಳಿ, ಇನಾಸನ ಕಡೆ ತಿರುಗಿದ. "ಉಪಕಾರ ಮಾಡಿದ್ದಕ್ಕೆ ಬೈತ್ಯಲ್ಲ ಮಾರಾಯಾ. ಜನ ಬಂದಿದ್ರೋ ಇಲ್ವೋ?"

"ಬಂದಿದ್ರು" ಎಂದ ಇನಾಸ್. "ಅದೇ ಸಿಟ್ಟು."

ಅಲ್ಲಿಗೆ ತಂಡ ಮುರಿಯಿತು. ಹಯಾತ್ ಲಾರಿ ಹತ್ತಿ ಮಂಗಳೂರಿನ ಕಡೆ ಹೋದ. ಇನಾಸ್ ಧ್ವನಿವರ್ಧಕಗಳನ್ನು ಕೊಂಡು ಮದುವೆ, ಮುಂಜಿ, ಸಭೆಗಳಿಗೆ ಮೈಕ್ ಸೆಟ್ ಹಾಕಲು ಶುರುಮಾಡಿದ. ಕೆಲಸ ಚೊಕ್ಕ, ಈಗ ಮೂರು ತಾಲೂಕಿನಿಂದಲೂ ಕರೆ ಬರುತ್ತದೆ. ಗಿಟಾರನ್ನು ಮಾತ್ರ ಮಾರಲಿಲ್ಲ. ಎಲ್ಲರೂ 'ಹಲೋ ಹಲೋ, ಮೈಕ್ ಟೆಸ್ಟಿಂಗ್' ಎನ್ನುವಲ್ಲಿ ಇವನು ತನ್ನ ಹಾಡು ನುಡಿಸುತ್ತಾನೆ. ಅದೂ ಎರಡನೆಯ ಚರಣ ದಾಟುವುದಿಲ್ಲ. ಅಷ್ಟರಲ್ಲಿ ಯಾರಾದರೂ ಬಂದು, "ಸೌಂಡ್ ಚಲೋ ಇದ್ದು, ಸಾಕು" ಎನ್ನುತ್ತಾರೆ.

ಮೊನ್ನೆ ಕೋಲಸಿರ್ಸಿಯ ಮುಂಜಿಯೊಂದರಲ್ಲಿ ಸಿಕ್ಕಿದ. ಕೂದಲು ನೆರೆತಿದೆ. ಗಿಟಾರಿನ ವೈರು ಸಿಕ್ಕಿಸುತ್ತಾ, "ಇನ್ನು ಮೇಲೆ ಮೂರನೇ ಚರಣದಿಂದಲೇ ಶುರು ಮಾಡ್ತೆ ಸರ್. ಮೊದಲಿಂದ ಶುರು ಮಾಡಿ ಕೊನೆ ಮುಟ್ಟೋದು ಈ ಊರಲ್ಲಿ ಆಗೋದಲ್ಲ" ಎಂದ. ದನಿಯಲ್ಲಿ ನಗು ಇರಲಿಲ್ಲ.

ಹಾಡಿದ. ಅಡುಗೆಯವರು ಬೆಲ್ಲ ಜಜ್ಜುವುದನ್ನು ನಿಲ್ಲಿಸಿ ತಿರುಗಿದರು. ಮಾತು ಮುಗಿದು ಗಿಟಾರೊಂದೇ ಮೇಲೆದ್ದಿತು. ಇಷ್ಟು ವರ್ಷಗಳಲ್ಲಿ ನಾನು ಆ ಭಾಗವನ್ನು ಕೇಳಿದ್ದು ಅದೇ ಮೊದಲು. ಅರ್ಧಕ್ಕೆ ಬಂದಿರಬೇಕು, ಪುರೋಹಿತರು ಬಂದು ಮಂತ್ರಕ್ಕೆ ಮೈಕ್ ಕೇಳಿದರು. ಇನಾಸ್ ತಂತಿಯ ಮೇಲೆ ಅಂಗೈಯಿಟ್ಟು ಸದ್ದು ನಿಲ್ಲಿಸಿ, ಮೈಕ್ ಒರೆಸಿ ಅವರ ಕೈಗೆ ಕೊಟ್ಟ.